ವಕೀಲರ ಹತ್ರ ನೀನೇ ಬರಬೇಕು

ತುಂಗಾ,

ಗೋಪೀನಾಥನ ಡೆತ್ ಸರ್ಟಿಫಿಕೇಟ್ ತರೋಕೆ ಹೊರಟೆ, ಅಲ್ಲಿ ಕ್ಯೂ ಹನುಮಂತನ ಬಾಲ. ಹನ್ನೊಂದಕ್ಕೆ ನೀನು ಬಾಪೂಜಿ ನಗರಕ್ಕೆ, ಚಕ್ರಪಾಣಿ ವಕೀಲರ ಮನೆಗೆ ಬಾ.

ನಿನ್ನೆ ನಾನು ಅವರಿಗೆ ಜೋರಾಗೇ ಹೇಳ್ದೆ, ತಮ್ಮನ ಕರ್ಮ ಮಾಡಿದೋನು ನಾನು, ಮನೆ ಖಾತೆ ನನ್ನ ಹೆಸರಿಗೇ ಮಾಡ್ಸಿ ಅಂತ. ಆ ಮನುಷ್ಯ ಕನ್ನಡಕ ತೆಗೆದು, "ಕರ್ಮದ ಪುಣ್ಯ ನಿಮಗೆ ಯಜಮಾನ್ರೇ, ಮನೆ ನಿಮ್ಮ ತಮ್ಮನ ಹೆಂಡತೀದು. ಮಕ್ಕಳಿಲ್ಲ, ತಾಯಿ ಇಲ್ಲ, ಇನ್ಯಾರಿಗೂ ಪಾಲಿಲ್ಲ. ಅರ್ಜಿಗೆ ಅವರೇ ರುಜು ಹಾಕ್ಬೇಕು" ಅಂದ್ರು. ಮೈಯೆಲ್ಲ ಉರೀತು. ಬಸ್ಸಲ್ಲಿ ಕೂತ್ಮೇಲೆ ತಣ್ಣಗಾಯ್ತು. ನಾಳೆ ನಾನು ಹೋದ್ರೆ ನನ್ನ ಮಕ್ಕಳು ನಿನ್ನ ಎಲ್ಲಿಡ್ತಿದ್ರೋ! ವಕೀಲರು ದೇವರಂಥೋರು ಕಣಮ್ಮ, ನನ್ನ ಕೈಲಿ ಪಾಪ ಮಾಡಿಸ್ಲಿಲ್ಲ.

ರೇಷನ್ ಕಾರ್ಡು ಮರೀಬೇಡ. ಅಲ್ಲಿ ಅಳ್ತಾ ಕೂರಬೇಡ, ಕೇಳಿದ್ದಕ್ಕೆ ಬಾಯ್ಬಿಟ್ಟು ಉತ್ತರ ಹೇಳು. ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಆಗಿತ್ತು, ಆದ್ರೂ ತಿಂದೆ.

ಅವನು ಹೋದಾಗಿಂದ ನನ್ನ ಜನಿವಾರದಲ್ಲಿ ನೇತಾಡ್ತಿದ್ದ ಬೀರು ಬೀಗದ ಕೈ ಚೀಟಿ ಮೇಲೆ ಇಟ್ಟಿದೀನಿ. ಮನೆ ಪತ್ರ ನೀನೇ ತೆಗೆದು ತಗೊಂಡ್ಬಾ. ಬೀಗದ ಕೈ ಸಾಯಂಕಾಲ ನನಗೆ ವಾಪಸ್ ಕೊಡೋಕೆ ಬರಬೇಡ, ತಗೊಳಲ್ಲ.

ಭಾವ