ಅಸಲು ಗಿಟ್ಟಿದ ಮೇಲೆ ಮದುವೆ

ರಾಜ್ಯದ ಮನೆಸಾಲಗಳ ಮೇಲ್ವಿಚಾರಣೆ ನೋಡಿಕೊಳ್ಳುವ ಆಯುಕ್ತರಿಗೆ

ಮಾನ್ಯರೇ,

ನಿಮ್ಮ ಇಲಾಖೆ ಒಪ್ಪಿಗೆ ಕೊಟ್ಟಿರುವ ಒಂದು ಪ್ರಶ್ನೆಯಿಂದಾಗಿ ನನ್ನ ಅತ್ತೆಯ ಮದುವೆ ನಿಂತಿದೆ. ಗಂಡು ಒಪ್ಪಿದ್ದಾರೆ, ಹೆಣ್ಣು ಒಪ್ಪಿದ್ದಾರೆ, ಪಾದ್ರಿ ಒಪ್ಪಿ ಎರಡು ಸಲ ತಾರೀಕು ಬರೆದು ಎರಡು ಸಲ ಅಳಿಸಿದ್ದಾರೆ. ಒಪ್ಪದೆ ಕೂತಿರುವುದು ಬಡ್ಡಿಯ ದರ ಒಂದೇ. ಗಂಡಿಗೆ ಎಂಬತ್ತನಾಲ್ಕು, ಹೆಣ್ಣಿಗೆ ಎಂಬತ್ತೊಂದು. ಆದ್ದರಿಂದ ‘ಅವಸರವೇನಿದೆ’ ಎಂಬ ಉತ್ತರ ನಿಮ್ಮ ಕಚೇರಿಯಿಂದ ಬರಲಾರದೆಂದು ನಂಬಿ ಬರೆಯುತ್ತಿದ್ದೇನೆ.

ಹೆಣ್ಣು ನನ್ನ ತಂದೆಯ ಅಕ್ಕ, ಹಿಲ್ಯಾ ರಂತಾಲ. ಸುಪೀರಿಯರ್ ಸರೋವರದ ದಂಡೆಯಲ್ಲಿ, ಮುಚ್ಚಿಹೋದ ತಾಮ್ರದ ಗಣಿಯ ಬೆನ್ನಿಗೆ ಅವರ ಮನೆ. ಗಂಡು ಆರ್ವಿಡ್ ಪೆಲ್ಕೋನೆನ್, ರಸ್ತೆಯ ಆಚೆ ಬದಿಯ ಮನೆಯವರು. ಇಬ್ಬರೂ ಸಂಗಾತಿಯನ್ನು ಕಳೆದುಕೊಂಡು ಬಹಳ ಕಾಲವಾಯಿತು. ಗಣಿ ಕೆಲಸಕ್ಕೆ ವಲಸೆ ಬಂದ ನಮ್ಮ ಫಿನ್ನಿಶ್ ಮಂದಿಯ ಬಗ್ಗೆ ನಿಮಗೆ ಒಂದು ಸಂಗತಿ ಗೊತ್ತಿರಬೇಕು. ನಾವು ಮಾತಾಡುವುದು ಕಡಿಮೆ. ಆದ್ದರಿಂದ ಆಡಿದ ಒಂದೊಂದು ಮಾತೂ ಮೊಳೆ ಹೊಡೆದಂತೆ ಗೋಡೆಯಲ್ಲಿ ಉಳಿದುಬಿಡುತ್ತದೆ. ನಮ್ಮಜ್ಜ ಗಣಿಯ ಮೇಸ್ತ್ರಿಗೆ ‘ಸೋಮವಾರ ಬರ್ತೀನಿ’ ಎಂದಿದ್ದರಂತೆ. ಆ ಭಾನುವಾರ ಗಣಿಗೆ ಬೀಗ ಬಿತ್ತು. ಸೋಮವಾರ ಅಜ್ಜ ಬುತ್ತಿ ಹಿಡಿದು ಹೋಗಿ, ಬೀಗದ ಮುಂದೆ ಸಂಜೆಯತನಕ ಕೂತು ಬಂದರು. ಅಂಥವರ ಮಗಳ ಮುಂದೆ ನಿಮ್ಮ ಪ್ರಶ್ನೆಯನ್ನು ಇಟ್ಟಿದ್ದೀರಿ, ಸ್ವಾಮಿ.

ಮೂರು ವರ್ಷದ ಕೆಳಗೆ, ಹಿಮದ ಭಾರಕ್ಕೆ ಕುಸಿದ ಛಾವಣಿಗಾಗಿ ಮಾಡಿದ್ದ ಸಾಲಕ್ಕೆ ಬಡ್ಡಿ ಜಾಸ್ತಿಯಾಯಿತೆಂದು ಅತ್ತೆ ರೀಫೈನಾನ್ಸ್ ಮಾಡಿಸಲು ಹೊರಟರು. ಅಂದರೆ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸುವುದು. ಬ್ಯಾಂಕಿನಲ್ಲಿ ಶಾನಾ ಎಂಬ ಸಾಲದ ಅಧಿಕಾರಿ ಎರಡು ದಾರಿ ತೋರಿಸಿದಳು. ಸುಮ್ಮನೆ ಸಾಲ ತೆಗೆದುಕೊಂಡರೆ ಬಡ್ಡಿ ಶೇಕಡಾ ಆರೂವರೆ. ‘ಪಾಯಿಂಟ್’ ಕೊಂಡರೆ ಬಡ್ಡಿ ಅಗ್ಗ. ಒಂದು ಪಾಯಿಂಟ್ ಅಂದರೆ ಸಾಲದಲ್ಲಿ ನೂರಕ್ಕೆ ಒಂದರಷ್ಟು ದುಡ್ಡು, ಮೊದಲೇ ಕಟ್ಟುವುದು. ಎಂಬತ್ತು ಸಾವಿರ ಡಾಲರ್ ಸಾಲಕ್ಕೆ ಎರಡು ಪಾಯಿಂಟ್, ಸಾವಿರದ ಆರುನೂರು. ಬಡ್ಡಿ ಆರಕ್ಕೆ ಇಳಿಯಿತು, ತಿಂಗಳ ಕಂತಿನಲ್ಲಿ ಇಪ್ಪತ್ತಾರು ಡಾಲರ್ ಉಳಿಯಿತು. ಹಾಕಿದ ದುಡ್ಡು ಉಳಿತಾಯದ ರೂಪದಲ್ಲಿ ಹಿಂದಿರುಗಿ ಅಸಲು ಗಿಟ್ಟಲು ಅರವತ್ತೆರಡು ತಿಂಗಳು. ಅದಕ್ಕೆ ಮುಂಚೆ ಮನೆ ಬಿಟ್ಟರೆ ನಷ್ಟ, ಆಮೇಲೆ ಇದ್ದಷ್ಟೂ ಲಾಭ. ಇಷ್ಟೇ ಶಾಸ್ತ್ರ. ಇದನ್ನು ತಪ್ಪೆಂದು ನಾನು ಹೇಳುತ್ತಿಲ್ಲ.

ತಪ್ಪಿದ್ದು ಮುಂದಿನ ಪ್ರಶ್ನೆಯಲ್ಲಿ. ವಯಸ್ಸು ನೋಡಿ ಸಾಲ ನಿರಾಕರಿಸಬಾರದೆಂದು ಕಾನೂನಿದೆ, ಒಳ್ಳೆಯ ಕಾನೂನು. ಅದಕ್ಕೇ ಶಾನಾ, ಎಪ್ಪತ್ತೆಂಟು ವರ್ಷದ ಹೆಂಗಸನ್ನು ಕೇಳಲಾಗದ್ದನ್ನು ಸುತ್ತು ಹಾಕಿ, ಮುಖ ಕಾಗದದಲ್ಲಿಟ್ಟು ಕೇಳಿದಳು.

“ಈ ಮನೇಲಿ ಇನ್ನೂ ಎಷ್ಟು ವರ್ಷ ಇರ್ತೀರಿ ಅಮ್ಮಾ?”

“ಎಷ್ಟು ದಿವ್ಸ ಇರ್ಬೇಕು?” ಅಂದರು ಅತ್ತೆ.

“ಅರವತ್ತೆರಡು ತಿಂಗಳು ಇದ್ರೆ ಹಾಕಿದ್ದು ವಾಪಸ್ ಬರತ್ತೆ.”

“ಹಂಗಾದ್ರೆ ಇರ್ತೀನಿ.”

ನೋಡಿದಿರಾ? ಡಾಕ್ಟರು ಕೊಡಲಾಗದ ಭರವಸೆಯನ್ನು ಬ್ಯಾಂಕು ಕೊಟ್ಟಿತು. ಅತ್ತೆ ಆವತ್ತೇ ಹೊಸ ಹಿಮದ ಬೂಟು ಕೊಂಡರು.

ಮುಂದಿನ ವರ್ಷ ಆರ್ವಿಡ್ ಅವರೂ ತಮ್ಮ ಸಾಲವನ್ನು ಹೊಸದು ಮಾಡಿಸಬೇಕಾಯಿತು. ಪಾಯಿಂಟಿನ ಮರ್ಮ ತಿಳಿಯದೆ, ಏಲಕ್ಕಿ ಹಾಕಿದ ಬ್ರೆಡ್ಡೊಂದನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿ ಬಂದರು. ಅತ್ತೆ ಪೆನ್ಸಿಲು ಹಿಡಿದು ವಿವರಿಸಿದರು. ಆರ್ವಿಡ್ ಅವರಿಗೆ ಮೊದಲ ದಿನವೇ ಅರ್ಥವಾಗಿತ್ತು ಎಂದು ನನ್ನ ಗುಮಾನಿ, ಆದರೆ ಅವರು ಚಳಿಗಾಲ ಪೂರ್ತಿ ಕೇಳಿಸಿಕೊಂಡರು. ಬಡ್ಡಿ ಬಿಡಿಸುತ್ತ ಬಿಡಿಸುತ್ತ ಬೆಸುಗೆ ಬಿದ್ದಿತು. ಅವರೂ ಪಾಯಿಂಟ್ ಕೊಂಡರು, ಅವರೂ ಶಾನಾಳ ಮುಂದೆ ‘ಇರ್ತೀನಿ’ ಅಂದರು. ಹೋದ ವರ್ಷದ ವಸಂತದಲ್ಲಿ, ಶನಿವಾರದ ಸೌನಾ, ಅಂದರೆ ನಮ್ಮ ಉಗಿಸ್ನಾನ, ಮುಗಿಸಿ, ಉಗಿಯಲ್ಲಿ ಕೆಂಪಾದ ಮುಖದಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆಯನ್ನು ಮದುವೆಗೆ ಕೇಳಿದರು. ಅತ್ತೆ ಹೂಂ ಅಂದರು.

ಈಗ ಸಮಸ್ಯೆ: ಮದುವೆಯಾದ ಮೇಲೆ ಯಾರು ಯಾರ ಮನೆಗೆ? ಅತ್ತೆ ಬಿಟ್ಟು ಹೋಗುವಂತಿಲ್ಲ, ಇರುತ್ತೇನೆಂದು ಬ್ಯಾಂಕಿಗೆ ಹೇಳಿದ್ದಾರೆ. ಆರ್ವಿಡ್ ಬಿಟ್ಟು ಬರುವಂತಿಲ್ಲ, ಅವರೂ ಹೇಳಿದ್ದಾರೆ. ಮದುವೆಯಾಗಿ ಅವರವರ ಮನೆಯಲ್ಲೇ ಇರಿ ಎಂದೆ. “ರಸ್ತೆ ಆಚೆಗೊಬ್ರು ಈಚೆಗೊಬ್ರು ಮಲಗೋಕೆ ಪಾದ್ರಿ ಯಾಕೋ? ಈಗ್ಲೂ ಹಂಗೇ ಮಲಗ್ತಿದೀವಲ್ಲ” ಅಂದರು ಅತ್ತೆ.

ಲೆಕ್ಕದಿಂದ ಗೆಲ್ಲೋಣವೆಂದು ಒಂದು ಮಧ್ಯಾಹ್ನ ಕೂತೆ. ಒಂದು ಮನೆ ಮಾರಿದರೆ ಸಾಲವೇ ತೀರುತ್ತದೆ. ಎರಡು ಮನೆಗೆ ಚಳಿಗಾಲದ ಒಲೆ ಉರಿಸುವ ಖರ್ಚಿನ ಮುಂದೆ ಇಪ್ಪತ್ತಾರು ಡಾಲರ್ ಯಾವ ಮೂಲೆಗೆ? ಪಾಯಿಂಟಿಗೆ ಕೊಟ್ಟ ದುಡ್ಡು ಹೋದದ್ದು ಹೋಯಿತು. ಅದನ್ನು ಹಿಡಿಯಲು ಬಾಳನ್ನೇ ಅದರ ಹಿಂದೆ ಓಡಿಸುವುದೇ? ಅತ್ತೆ ಪೂರ್ತಿ ಕೇಳಿ ತಲೆಯಾಡಿಸಿದರು.

“ಲೆಕ್ಕ ಸರಿಯಾಗೇ ಇದೆ ಕಣೋ ವೇಯ್ನ್. ಮಾತು?”

ಅಷ್ಟರಲ್ಲಿ ಗಾಯದ ಮೇಲೆ ಉಪ್ಪು. ಈ ಆಗಸ್ಟಿನಲ್ಲಿ ಶಾನಾ ಫೋನ್ ಮಾಡಿ, ಬಡ್ಡಿ ಇಳಿದಿದೆ, ಇನ್ನೊಮ್ಮೆ ರೀಫೈನಾನ್ಸ್ ಮಾಡಿಸಿ ಎಂದಳಂತೆ. ಬೇಗ ಮನೆ ಬಿಡುವವರಾದರೆ ಪಾಯಿಂಟ್ ಬೇಡ, ಸ್ವಲ್ಪ ಹೆಚ್ಚಿನ ಬಡ್ಡಿಯೇ ವಾಸಿ. ಬಹಳ ಕಾಲ ಇರುವವರಾದರೆ ಪಾಯಿಂಟೇ ವಾಸಿ. ಎಷ್ಟು ವರ್ಷ ಇರ್ತೀರಿ? ಅತ್ತೆ ಪ್ರಾಮಾಣಿಕವಾಗಿ ಉತ್ತರಿಸಿದರು. ಮದುವೆ ಆಗೋವರೆಗೆ. ಮದುವೆ ಯಾವಾಗ? ಅಸಲು ಗಿಟ್ಟಿದ ಮೇಲೆ. ಅಸಲು ಯಾವಾಗ ಗಿಟ್ಟತ್ತೆ? ಅದು ಪಾಯಿಂಟ್ ತಗೊಳ್ತೀರೋ ಇಲ್ವೋ ಅನ್ನೋದರ ಮೇಲೆ. ಪಾಯಿಂಟ್ ತಗೊಳ್ಬೇಕೋ ಬೇಡ್ವೋ? ಅದು ಎಷ್ಟು ವರ್ಷ ಇರ್ತೀರಿ ಅನ್ನೋದರ ಮೇಲೆ. ಕೋಳಿಯೂ ಮೊಟ್ಟೆಯೂ ಒಂದರ ಬಾಲ ಒಂದು ಹಿಡಿದು ಸುತ್ತಿದ ಆ ಸಂಭಾಷಣೆ ಕಾಫಿ ಆರುವವರೆಗೂ ನಡೆಯಿತೆಂದು ಕೇಳಿದ್ದೇನೆ. ಕೊನೆಗೆ ಶಾನಾಳೇ ಫೋನ್ ಇಟ್ಟಳು. ಬಡ್ಡಿ ಬಗ್ಗಿತು, ಮದುವೆ ಮುಗ್ಗರಿಸಿತು.

ನಾನೇ ಬ್ಯಾಂಕಿಗೆ ಹೋದೆ. ಶಾನಾ ಕೆಟ್ಟವಳಲ್ಲ. ಆ ಪ್ರಶ್ನೆ ಬರೀ ಅಂದಾಜಿಗೆ, ಯಾರನ್ನೂ ಕಟ್ಟಿಹಾಕುವುದಿಲ್ಲ, ಎಲ್ಲರೂ ಬಾಯಿಗೆ ಬಂದ ಸಂಖ್ಯೆ ಹೇಳುತ್ತಾರೆ ಎಂದಳು. ಓಡಿ ಬಂದು ಅತ್ತೆಗೆ ಈ ಶುಭವಾರ್ತೆ ಹೇಳಿದೆ.

“ಎಲ್ರೂ ಬಾಯಿಗೆ ಬಂದಿದ್ದು ಹೇಳ್ತಾರಾ? ಬ್ಯಾಂಕಲ್ಲಿ ಕೂತ್ಕೊಂಡು?” ಅಂದರು. ಆಮೇಲೆ, “ಹೋಗ್ಲಿ, ಆ ಹುಡುಗಿ ಬಿಟ್ಟಳು ಅಂದ್ಕೋ. ಅವಳ ಮೇಲಿನೋರು ಬಿಟ್ರಾ?”

ಅವಳ ಮೇಲಿನವರು ಯಾರೆಂದು ಹುಡುಕುತ್ತ ಹತ್ತಿದ ಏಣಿಯ ತುದಿಯಲ್ಲಿ ತಾವು ಕೂತಿದ್ದೀರಿ.

ನಗಬೇಡಿ. ನಾನೂ ಹೋದ ಜನವರಿಯವರೆಗೆ ನಗುತ್ತಿದ್ದೆ. ಆರ್ವಿಡ್ ಅವರು ದಿನಾ ಬೆಳಿಗ್ಗೆ ಕಾಫಿಗೆಂದು ರಸ್ತೆ ದಾಟುತ್ತಾರೆ. ಜನವರಿಯಲ್ಲಿ ನಮ್ಮ ರಸ್ತೆ ರಸ್ತೆಯಲ್ಲ, ಗಾಜು. ಅವತ್ತು ನಡುರಸ್ತೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅತ್ತೆ ಕಿಟಕಿಯಿಂದ ನೋಡಿ ಬರಿಗಾಲಲ್ಲಿ ಓಡಿಬಂದಿದ್ದರು. ನಾನು ತಲುಪಿದಾಗ ಇಬ್ಬರೂ ಹಿಮದಲ್ಲಿ ಕೂತಿದ್ದರು; ಅತ್ತೆಯ ಶಾಲು ಅವರ ಮೇಲೆ, ಅವರ ಟೋಪಿ ಅತ್ತೆಯ ಕಾಲಡಿಗೆ. ಎತ್ತಿ ಕಾರಿನಲ್ಲಿ ಕೂರಿಸುವಾಗ ಆರ್ವಿಡ್ ಅವರು ನನ್ನ ಕಿವಿಯಲ್ಲಿ ಅಂದದ್ದು ಇಷ್ಟೇ: “ಬೇಸಿಗೇಲಿ ನಾನು ಹೆಂಗೋ ಕಾಯ್ತೀನಪ್ಪ. ಚಳಿಗಾಲ ಕಾಯಲ್ಲ.”

ಈಗ ಸೆಪ್ಟೆಂಬರ್. ನಮ್ಮಲ್ಲಿ ಎಲೆ ಕೆಂಪಾದರೆ ಹಿಮ ಬಾಗಿಲಲ್ಲಿದೆ ಎಂದು ಲೆಕ್ಕ. ಅತ್ತೆಯ ಅರವತ್ತೆರಡು ತಿಂಗಳಿಗೆ ಇನ್ನೂ ಎರಡು ಚಳಿಗಾಲ ಬಾಕಿ, ಅವರದ್ದಕ್ಕೆ ಮೂರು. ಪಾಯಿಂಟಿನ ಲೆಕ್ಕದಲ್ಲಿ ಕಂತು ಬಂತು, ಬಡ್ಡಿ ಬಂತು, ತಿಂಗಳು ಬಂತು. ರಸ್ತೆ ಯಾಕೆ ಬರಲಿಲ್ಲ, ಸ್ವಾಮಿ? ಎಷ್ಟು ವರ್ಷ ಇರುತ್ತೀರೆಂದು ಕೇಳುವ ನೀವು, ಯಾರ ಜೊತೆ ಇರುತ್ತೀರೆಂದು ಯಾಕೆ ಕೇಳುವುದಿಲ್ಲ?

ನನ್ನ ಬೇಡಿಕೆ ದೊಡ್ಡದಲ್ಲ. ಕಾನೂನು ತಿದ್ದಬೇಡಿ, ಪಾಯಿಂಟಿನ ದುಡ್ಡು ಹಿಂದಿರುಗಿಸಬೇಡಿ. ಇಲಾಖೆಯ ಕಾಗದದಲ್ಲಿ, ಕೆಳಗೆ ಮುದ್ರೆ ಒತ್ತಿ, ಒಂದೇ ಸಾಲು ಬರೆಯಿರಿ: ‘ಹಿಲ್ಯಾ ರಂತಾಲ ಅವರೇ, ನೀವು ಕೊಟ್ಟ ಮಾತು ಸಂದಿದೆ, ಮನೆ ಬಿಡಬಹುದು.’ ಇಂಥದೇ ಇನ್ನೊಂದನ್ನು ಆರ್ವಿಡ್ ಅವರಿಗೂ ಬರೆಯಿರೆಂದು ಮೊದಲು ಕೇಳಬೇಕೆಂದಿದ್ದೆ. ಅವರೇ ತಡೆದರು. ಇಬ್ಬರಿಗೂ ಬಿಡುಗಡೆಯಾದರೆ ಯಾರು ಬಿಡಬೇಕೆಂದು ಮತ್ತೆ ಚರ್ಚೆ ಶುರುವಾಗಿ ಇನ್ನೊಂದು ಚಳಿಗಾಲ ಹೋಗುತ್ತದಂತೆ. ಒಂದೇ ಸಾಕು. ಅವರ ಸೌನಾ ದೊಡ್ಡದಿದೆ, ಅತ್ತೆಯ ಬೂಟಿಗೆ ಜಾಗವನ್ನೂ ಈಗಾಗಲೇ ಬಿಡಿಸಿಟ್ಟಿದ್ದಾರೆ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ಬಾಯಿತಪ್ಪಿ ಒಮ್ಮೆ ಆರ್ವಿಡ್ ಅವರನ್ನು ‘ಮಾವ’ ಎಂದಾಗ ಅತ್ತೆ ಸೌಟು ಎತ್ತಿದ್ದರು, ಆಗದೆ ಇರುವುದನ್ನು ಆಗಿದೆ ಅನ್ನಬೇಡವೆಂದು. ಆ ಹೊತ್ತಿನಲ್ಲಿ ಆರ್ವಿಡ್ ಅವರು ತಲೆ ತಗ್ಗಿಸಿ ಬ್ರೆಡ್ಡು ಕೊಯ್ಯುತ್ತಿದ್ದರು, ಕಿವಿ ಮಾತ್ರ ಕೆಂಪಾಗಿತ್ತು. ಆ ಮಾತನ್ನು ಅವರ ಎದುರು ಇನ್ನೊಮ್ಮೆ, ಸೌಟಿನ ಭಯವಿಲ್ಲದೆ ಅನ್ನಬೇಕು. ಪತ್ರ ಹಿಮಕ್ಕಿಂತ ಮೊದಲು ಬರಲಿ.

ಇಂತಿ,
ಅದು ಬರದೆ ಹಿಮ ಬಿದ್ದರೆ ದಿನಾ ಬೆಳಿಗ್ಗೆ, ಕಾಫಿಗೆ ಮುಂಚೆ, ಯಾರೂ ಜಾರದಂತೆ ಎರಡು ಬಾಗಿಲುಗಳ ನಡುವೆ ಮರಳು ಚೆಲ್ಲುವವ,
ವೇಯ್ನ್ ರಂತಾಲ