ಗೇಮ್ ಬರುವ ದಿನವೇ ಬಂದ ಜ್ವರ

ಶೆರ್ವಿನ್,

ನಿನಗೆ ಜ್ವರ, ಆಫೀಸಿಗೆ ರಜೆ ಹಾಕಿದ್ದೀ ಅಂತ ಬೆಳಿಗ್ಗೆ ಮಮ್ಮಿ ಹೇಳಿದರು. ನಮ್ಮದೇ ಲೆವೆಲ್ ಕಟ್ಟಿ ಆಡುವ ಆ ಹೊಸ ಗೇಮ್ ಕೊರಿಯರಿನಲ್ಲಿ ಬರುವುದು ಇವತ್ತು. ಜ್ವರವೂ ಇವತ್ತೇ ಬಂತಾ ಮಾರಾಯ?

ಗಂಜಿ ಉಂಟು, ಬಿಸಿ ಮಾಡಿ ಕುಡಿ. ಬಂಗುಡೆ ಮೀನಿನ ಸಾರು ಮುಟ್ಟಬೇಡ, ಅದು ಜ್ವರ ಇಲ್ಲದವರಿಗೆ.

ಕೊರಿಯರಿನವನು ಕೊಟ್ಟಾರ ಬಸ್‌ಸ್ಟಾಪಿಗೆ ಬಂದು ಫೋನ್ ಮಾಡುತ್ತಾನೆ, ದಾರಿ ಹೇಳು. ಬಾಕ್ಸ್ ಮೇಜಿನ ಮೇಲಿಡು. ಬಿಚ್ಚಬೇಡ.

ಮೊದಲ ಲೆವೆಲ್ ಇಬ್ಬರೂ ಸೇರಿ ಕಟ್ಟುವುದು ಅಂತ ಮಾತಾಗಿತ್ತು. ಪಂಪ್‌ವೆಲ್ ಫ್ಲೈಓವರ್ ಮಾಡಿ, ಒಂದು ಬಸ್ಸಿನ ಮೇಲಿಂದ ಇನ್ನೊಂದಕ್ಕೆ ಹಾರುವುದು, ನೆನಪುಂಟಲ್ಲ? ಈಗ ನೀನು ಆ ಸುದ್ದಿಯೇ ಎತ್ತುವುದಿಲ್ಲ. ಒಬ್ಬನೇ ಕಟ್ಟುವ ಅಂದಾಜಾ ಅಂತ ನನಗೆ ಸಂಶಯ. ಹಳೆಯ ಗೇಮಿನಲ್ಲಿ ಒಬ್ಬನೇ ಕೂತು ಲೆವೆಲ್ ಕಟ್ಟಿ, "ಸುಲಭ ಉಂಟು, ಆಡು" ಅಂದವನು ನೀನು. ಕೊನೆಯ ಬಾವುಟದ ಎದುರೇ ಕಾಣದ ಗುಂಡಿ ಇಟ್ಟಿದ್ದಿ. ಇಡೀ ಸಂಜೆ ನಾನು ಬೀಳುವುದು, ನೀನು ನಗುವುದು.

ಮತ್ತೆ, ಥರ್ಮಾಮೀಟರ್ ತೊಳೆದಿಟ್ಟಿದ್ದೇನೆ. ಅದರ ತುದಿಗೆ ಕುಚ್ಚಲಕ್ಕಿಯ ಅಗುಳು ಅಂಟಿತ್ತು. ಅಕ್ಕ ನರ್ಸ್ ಅಂತ ಮರೆತು ಹೋಯಿತಾ? ಜ್ವರ ಬಂದದ್ದು ನಿನಗಾ, ಗಂಜಿಗಾ?

ಇರಲಿ. ಮಮ್ಮಿಗೆ ಹೇಳಲಿಲ್ಲ. ನಾನೂ ಇವತ್ತು ಡ್ಯೂಟಿ ಬದಲಾಯಿಸಿಕೊಂಡಿದ್ದೇನೆ, ಊಟದ ಹೊತ್ತಿಗೆ ಬರುತ್ತೇನೆ. ಅಲ್ಲಿಯವರೆಗೆ ಚೆನ್ನಾಗಿ ಮಲಗು. ಟಿವಿಯ ಹಿಂದೆ ಕೈ ಹಾಕಿ ಹುಡುಕಬೇಡ, ಗೇಮಿನ ಕೇಬಲ್ ನನ್ನ ಬ್ಯಾಗಿನಲ್ಲಿ ಉಂಟು.

ಮೆಲಿಸಾ