ಇದು ಎಲ್ಲಿಯ ಎರಕ?

ಮಾರ್ಚ್ ೧೨, ಮಧ್ಯಾಹ್ನ ಒಂದೂವರೆ

ಪ್ರೀತಿಯ ತಮ್ಮಾ,

ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯಲಿಲ್ಲ. ಎಷ್ಟು ಬೇಕೋ ಅಷ್ಟು ಬೈದುಕೋ, ತಪ್ಪು ನನ್ನದೇ. ಹೊಸ ಊರು ಒಗ್ಗಿತೇ? ಕೆಮ್ಮು ಹೋಯಿತೇ? ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ಮಗಳು ಮಾತ್ರ ಅಪ್ಪ ಯಾವಾಗ ಬರೋದು ಅಂತ ದಿನಾ ನನ್ನ ತಲೆ ತಿನ್ನುತ್ತಾಳೆ.

ಊಟದ ಬಿಡುವಿನಲ್ಲಿ ಉಗ್ರಾಣದ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊತ್ತು ಕಡಿಮೆ, ಅಕ್ಷರ ಕಾಗೆಕಾಲು ಗುಬ್ಬಿಕಾಲಾದರೆ ನಗಬೇಡ. ಸುಂಕದ ಅಧಿಕಾರಿ ಬಂದಿದ್ದಾರೆ.

ನಮ್ಮ ಹೊಲಿಗೆ ಯಂತ್ರದ ಕಾರ್ಖಾನೆಯನ್ನು ವಿದೇಶಿ ಕಂಪನಿ ಯಾಕೆ ಕೊಂಡಿತು ಅಂತ ನಿನಗೆ ಗೊತ್ತೇ ಇದೆ. ಹೊರಗಿನಿಂದ ಬರುವ ಯಂತ್ರಕ್ಕೆ ಸರ್ಕಾರ ಭಾರಿ ಸುಂಕ ಹಾಕಿತು. ಅರ್ಧಕ್ಕಿಂತ ಹೆಚ್ಚು ಇಲ್ಲೇ ತಯಾರಾಗಿದ್ದರೆ ಸುಂಕವಿಲ್ಲ. ಆ ಸುಂಕ ತಪ್ಪಿಸಿಕೊಳ್ಳಲು ನಮ್ಮನ್ನೇ ಕೊಂಡರು. ಆಮೇಲೆ ನೀನು ಎರಕ ಹೊಯ್ಯುತ್ತಿದ್ದ ಫೌಂಡ್ರಿಗೆ ಆರ್ಡರ್ ನಿಲ್ಲಿಸಿ, ಯಂತ್ರದ ಬಾಡಿಯನ್ನು ತಮ್ಮ ದೇಶದಿಂದಲೇ ಬಿಡಿಭಾಗ ಅಂತ ಪೆಟ್ಟಿಗೆಗಳಲ್ಲಿ ತರಿಸಿದರು. ನಾವು ಚಕ್ರ ಕೂರಿಸಿ, ಎಣ್ಣೆ ಬಿಟ್ಟು, 'ಇಲ್ಲೇ ತಯಾರಾದದ್ದು' ಅಂತ ಚೀಟಿ ಅಂಟಿಸುತ್ತೇವೆ.

ಬೆಳಿಗ್ಗೆ ಅಧಿಕಾರಿ ಒಂದು ಬಾಡಿಯನ್ನು ಬೆರಳಿನಿಂದ ತಟ್ಟಿ, "ಇದು ಎಲ್ಲಿ ಎರಕ ಹೊಯ್ದದ್ದಮ್ಮಾ?" ಅಂದರು. ಹದಿನಾರು ವರ್ಷ ತಪಾಸಣೆ ಮಾಡಿದವಳಿಗೆ ಗೊತ್ತಾಗದೇ? ನಿಮ್ಮ ಎರಕದ ಒಳಮೈಯಲ್ಲಿ ಮರಳಿನ ತರಿ ಕೈಗೆ ಸಿಗುತ್ತಿತ್ತು. ಇದು ಗಾಜಿನಷ್ಟು ನುಣುಪು. ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್, "ಊಟ ಆಗ್ಲಿ ಸಾರ್, ಅಕ್ಕಾವ್ರು ಆಮೇಲೆ ಹೇಳ್ತಾರೆ" ಅಂದರು. ನನ್ನನ್ನು ಪಕ್ಕಕ್ಕೆ ಕರೆದು, "ನಿಜ ಹೇಳಿದ್ರೆ ಹಿಂದಿನ ಸುಂಕ ಎಲ್ಲಾ ತಲೆ ಮೇಲೆ ಬೀಳುತ್ತೆ. ಸಾಹೇಬ್ರು ಬೀಗ ಹಾಕಿ ವಿಮಾನ ಹತ್ತುತ್ತಾರೆ. ಇನ್ನೂರು ಹೆಂಗಸರ ಅನ್ನ ನಿಮ್ಮ ನಾಲಿಗೆ ಮೇಲಿದೆ, ನೋಡ್ಕೊಳ್ಳಿ" ಅಂದರು. ಫೌಂಡ್ರಿ ಮುಚ್ಚಿ ನಿಮ್ಮ ಅರವತ್ತು ಜನರ ಅನ್ನ ಹೋದಾಗ ಈ ಮಾತು ಯಾರೂ ಆಡಲಿಲ್ಲ.

ಅತ್ತ ದರಿ ಇತ್ತ ಪುಲಿ. ಹೆದರಿಕೆ ಆಗುತ್ತಿದೆ ಕಣೋ. ಆದರೂ ಎರಡು ಗಂಟೆಗೆ ನಿಜವನ್ನೇ ಹೇಳುತ್ತೇನೆ. ಅದಕ್ಕೂ ಮೊದಲು ಗೇಟಿನ ಹತ್ತಿರದ ಅಂಚೆ ಡಬ್ಬಿಗೆ ಈ ಪತ್ರ ಹಾಕಿಬಿಡುತ್ತೇನೆ, ಹಿಂದೆ ಸರಿಯಲು ನನಗೆ ದಾರಿ ಇರಬಾರದು.

ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಮೇಲೆ ಎಷ್ಟೇ ಕೋಪ ಬಂದರೂ ನೀನು ಚೆನ್ನಾಗಿರಬೇಕು.

ನಿನ್ನ ಅಕ್ಕ

ಇನ್ನೊಂದು ಮಾತು. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಈ ಬಾಡಿಗಳೆಲ್ಲ ನಿಮ್ಮ ಫೌಂಡ್ರಿಯವು ಅಂತ ಎಂಟು ತಿಂಗಳಿಂದ ಸರ್ಕಾರಕ್ಕೆ ಹೋಗುತ್ತಿರುವ ಕಾಗದಗಳಿಗೆ ಸಹಿ ನನ್ನದೇ. ಫೌಂಡ್ರಿ ಮುಚ್ಚಿದ ದಿನ ನೀನು ನಮ್ಮನೆಗೆ ಬಂದು, "ಹೊರಗಿನ ಬಾಡಿಗೆ ನಮ್ಮ ಫೌಂಡ್ರಿ ಹೆಸರು ಬರೆದು ಯಾವ ಪಾಪಿ ಸಹಿ ಹಾಕಿಕೊಟ್ಟನೋ ಅಕ್ಕಾ" ಅಂತ ಅತ್ತೆಯಲ್ಲ, ಆಗ ನಾನು ನಿನಗೆ ಬಡಿಸುತ್ತಿದ್ದೆ. "ಮೊದಲು ಊಟ ಮಾಡೋ" ಅಂದೆ.